ಬಿಸಿಲಿಗೆ ಹಾಜರಿ

ರಾಯಚೂರು ಜಿಲ್ಲೆಯವಳಾಗಿ ಹೇಳಬಾರದ ಮಾತೊಂದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ: ನನಗೆ ಚಳಿಗಾಲ ಆಗಿಬರುವುದಿಲ್ಲ. ನನ್ನ ತಕರಾರು ಚಳಿಯ ಮೇಲಲ್ಲ. ದೀಪಾವಳಿ ಮುಗಿದು ಹೊತ್ತು ಬೇಗ ಮುಳುಗತೊಡಗಿದರೆ ನನ್ನ ಮನಸ್ಸೂ ಅದರ ಜೊತೆಗೇ ಮುಳುಗುತ್ತದೆ. ಏಳಲು ಬೇಸರ, ಮಾತಾಡಲು ಬೇಸರ, ಕಾರಣವಿಲ್ಲದೆ ಅಳು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೊರಟುಹೋದ ಮೇಲೆಯೇ ನಾನು ಮತ್ತೆ ಮನುಷ್ಯರ ಲೆಕ್ಕಕ್ಕೆ ಬರುವುದು.

ಇದನ್ನು ಸಿಂಧನೂರಿನಲ್ಲಿ ಯಾರಿಗೆ ಹೇಳಲಿ? ಇಲ್ಲಿ ಎಲ್ಲರೂ ವರ್ಷವಿಡೀ ಬಿಸಿಲನ್ನು ಬೈಯುತ್ತ ಚಳಿಗಾಲದ ದಾರಿ ಕಾಯುವವರು. ಪಕ್ಕದ ಮನೆಯಾಕೆಗೆ ಹೇಳಿ ನೋಡಿದೆ. “ಫ್ಯಾನ್ ಬಂದ್ ಮಾಡಿ ಮಕ್ಕೊಳ್ಳಾಕ ಸಿಗೋದ ಈ ನಾಕ ದಿನ. ಅದಕ್ಕೂ ಅಳ್ತೀಯೇನ ನೀ?” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಈ ಸಲದ ಮಂಕು ಮಾತ್ರ ವಿಪರೀತವಾಯಿತು. ದಿನವೂ ಬಸ್ಸಿನಲ್ಲಿ ಮಸ್ಕಿಯ ಕಚೇರಿಗೆ ಹೋಗಿಬರುವವಳು ರಜೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಪ್ರೀತಿಯಿಂದ ಇಷ್ಟು ವರ್ಷ ಮಾಡಿದ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದೆ. ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಯಜಮಾನರು ಗಾಬರಿಯಾಗಿ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರಮ್ಮ ಎಲ್ಲ ಕೇಳಿ, ಕೆಲವರಿಗೆ ಚಳಿಗಾಲದಲ್ಲಿ ಹೀಗಾಗುವುದುಂಟು ಎಂದು ಧೈರ್ಯ ಹೇಳಿ, ಔಷಧಿ ಬರೆದುಕೊಟ್ಟು, “ದಿನಾ ಮುಂಜಾನೆ ಒಂದಿಷ್ಟು ಬಿಸಲಿಗೆ ಕುಂದರ್ರಿ” ಎಂದರು. ಯಜಮಾನರಿಗೆ ನಗು ತಡೆಯಲಾಗಲಿಲ್ಲ. ರಾಯಚೂರು ಜಿಲ್ಲೆಯಲ್ಲಿ ಬಿಸಿಲಿಗೆ ಬರ! ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಯೋಚಿಸಿದರೆ ಡಾಕ್ಟರಮ್ಮ ಹೇಳಿದ್ದು ನಿಜವೇ. ನಾವು ಬಿಸಿಲಲ್ಲಿ ಹುಟ್ಟಿ ಬಿಸಿಲಿಂದ ಓಡಿಹೋಗುವುದನ್ನೇ ಕಲಿತವರು. ಬಸ್ ಹತ್ತಿದ ಕೂಡಲೇ ನೆರಳು ಯಾವ ಬದಿಗೆ ಬೀಳುತ್ತದೆ ಎಂದು ನೋಡುವುದು ನಮ್ಮ ಹುಟ್ಟುಗುಣ. ಮೈ ನಡುಗುವ ಚಳಿಯಲ್ಲೂ ನೆರಳಿನ ಬದಿಗೆ ಮೂವರು ಒತ್ತಿಕೊಂಡು ಕೂತಿರುತ್ತೇವೆ, ಬಿಸಿಲಿನ ಬದಿಯ ಸೀಟುಗಳು ಖಾಲಿ ಇರುತ್ತವೆ. ಕನ್ನಡದಲ್ಲಿ ಬಿಸಿಲಿಗೆ ಎಷ್ಟೊಂದು ಹೆಸರುಗಳಿವೆ ನೋಡಿ: ಎಳೆಬಿಸಿಲು, ಹೊಂಬಿಸಿಲು, ಬಿರುಬಿಸಿಲು, ರಣಬಿಸಿಲು. ನಾವು ಕೊನೆಯ ಎರಡನ್ನು ಇಟ್ಟುಕೊಂಡು ಮೊದಲಿನ ಎರಡನ್ನು ಕವಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಿಂದೊಮ್ಮೆ ಚಕ್ರವರ್ತಿಯೊಬ್ಬ ಪ್ರಜೆಗಳಿಗೆ ಬುದ್ಧಿಮಾತು ಕೊರೆಸಿದ್ದಾನೆ. ಚಳಿಗಾಲದ ಮಂಕಿಗೆ ಏನು ಮಾಡಬೇಕೆಂದು ಅವನೂ ಬರೆಸಲಿಲ್ಲ.

ಬರೆಸದಿದ್ದರೂ ನನ್ನ ಅಪ್ಪನಿಗೆ ಅದು ಗೊತ್ತಿತ್ತು. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಾಳದ ಕೆಲಸಗಾರ. ಚಳಿಗಾಲದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದರೆ ಸೀದಾ ಮನೆಯೊಳಗೆ ಬರುತ್ತಿರಲಿಲ್ಲ. ಕಂಪನಿ ಮನೆಯ ಮುಂದಿನ ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಕೇಳಿದರೆ, “ಗಣಿಗೆ ಇಳಿಯೂವಾಗ ಒಂದು ಹಾಜರಿ, ಹತ್ತಿ ಬಂದಾಗ ಒಂದು ಹಾಜರಿ. ಇದು ಸೂರ್ಯಪ್ಪಗ ಕೊಡೂ ಹಾಜರಿ” ಎನ್ನುತ್ತಿದ್ದ.

ಅವ್ವ ಚಹಾ ಕೊಟ್ಟು, ಬಾಗಿಲಿಗೆ ಅಡ್ಡ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಹೊರಗೆ ದಬ್ಬಿ, “ಅಪ್ಪನ ಮುಂದ ಕುಂತು ಮಗ್ಗಿ ಹೇಳು” ಎನ್ನುತ್ತಿದ್ದಳು. ಹದಿಮೂರರ ಮಗ್ಗಿ ನನ್ನ ಶತ್ರು. ಪ್ರತಿಸಲ ಎಂಟಕ್ಕೆ ಮುಗ್ಗರಿಸುತ್ತಿದ್ದೆ. ಕಣ್ಣು ಮುಚ್ಚಿದ ಅಪ್ಪ, “ತಪ್ಪಾತು. ಮತ್ತ ಹೇಳು” ಎನ್ನುತ್ತಿದ್ದ. ಮತ್ತೆ ತಪ್ಪಿದರೆ ಕಣ್ಣು ಬಿಡುತ್ತಿದ್ದ. ಇನ್ನೊಮ್ಮೆ ತಪ್ಪಿದರೆ ನಗುತ್ತಿದ್ದ, ಆಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೇಳುತ್ತಿದ್ದ. ಆ ರೊಟ್ಟಿಯ ವಾಸನೆ, ಕಟ್ಟೆಯ ಕಲ್ಲಿನ ಬಿಸುಪು ಈಗಲೂ ನನ್ನ ಹತ್ತಿರವೇ ಇವೆ. ಬೇಸಿಗೆಯಲ್ಲಿ ಮಗ್ಗಿಯ ಕಾಟ ಇರುತ್ತಿರಲಿಲ್ಲ. ಯಾಕೆ ಎಂದು ನಾನೂ ಕೇಳಿರಲಿಲ್ಲ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಲಿಂಗಸುಗೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಡಾಕ್ಟರ ಬಳಿ ಹೋಗಿಬಂದ ಸಂಜೆ ಅವಳಿಗೆ ಫೋನ್ ಮಾಡಿ, “ಯವ್ವಾ, ನನಗ ಯಾಕ ಹಿಂಗ ಆಗಾಕತ್ತೈತಿ?” ಎಂದು ಅತ್ತೆ.

ಅವ್ವ ಅಂದಳು: “ನಿಮ್ಮಪ್ಪಗೂ ಹಿಂಗ ಆಗ್ತಿತ್ತವಾ. ಚಳಿಗಾಲ ಬಂತಂದ್ರ ಮಾತ ಬಂದ್. ಒಳಗ ಬಿಟ್ರ ಕೌದಿ ಹೊಚ್ಕೊಂಡು ಮಕ್ಕೊಂಡವರು ಏಳ್ತಿರಲಿಲ್ಲ. ಅದಕ್ಕ ನಾ ಬಾಗಲದಾಗ ಕುಂದರತಿದ್ದೆ.”

“ಮತ್ತ ನನ್ನ ಮಗ್ಗಿ?”

“ನೀ ತಪ್ಪಿದ್ರ ಅವರು ಬಾಯಿ ಬಿಡ್ತಿದ್ರು. ನೀ ಶ್ಯಾಣ್ಯಾಕಿ ಆಗ್ಲಿ ಅಂತಲ್ಲ ನಿನ್ನ ಕುಂದರಸ್ತಿದ್ದುದು.”

ನನ್ನ ದಡ್ಡತನಕ್ಕೂ ಮನೆಯಲ್ಲಿ ಒಂದು ಕಿಮ್ಮತ್ತು ಇತ್ತೆಂದು ಇಷ್ಟು ವರ್ಷದ ಮೇಲೆ ತಿಳಿಯಿತು. ಅಪ್ಪ ಒಳಗೊಳಗೇ ಅಷ್ಟು ಕತ್ತಲು ಹೊತ್ತು ಕೂತಿದ್ದನೆಂಬುದೂ ಆಗಲೇ ತಿಳಿದದ್ದು.

ಮರುದಿನ ಯಜಮಾನರು ಅಂಗಡಿ ತೆರೆಯುವ ಮೊದಲು ಕುರ್ಚಿ ಎತ್ತಿಕೊಂಡು ಮಾಳಿಗೆ ಹತ್ತಿದರು. “ನಡಿ ಮ್ಯಾಲ” ಎಂದರು. ಕೌದಿ ಹೊದ್ದೇ ಹೋಗಿ ಬಿಸಿಲಿಗೆ ಕಣ್ಣು ಮುಚ್ಚಿ ಕೂತೆ. ಅವರು ಚಹಾ ಕುಡಿಯುತ್ತ, ತಮ್ಮಷ್ಟಕ್ಕೆ ಎಂಬಂತೆ ಶುರುಮಾಡಿದರು: “ಹದಿಮೂರ ಒಂದಲೆ ಹದಿಮೂರು...” ಏಳರವರೆಗೆ ಸರಿಯಾಗಿ ಬಂದು, “ಹದಿಮೂರ ಎಂಟಲೆ ತೊಂಬತ್ತೆಂಟು” ಎಂದರು.

ಅವರು ಮತ್ತೆ ಮೊದಲಿನಿಂದ ಹೇಳಿ ಮತ್ತೆ ತೊಂಬತ್ತೆಂಟಕ್ಕೇ ಬಂದು ನಿಂತರು. ಕ್ಯಾಲ್ಕುಲೇಟರ್ ಮುಟ್ಟದೆ ಬಾಯಲ್ಲೇ ಲೆಕ್ಕ ಹಾಕಿ ಗಿರಾಕಿ ಸಂಭಾಳಿಸುವ ಮನುಷ್ಯ!

“ತಪ್ಪಾತು,” ನನ್ನ ಬಾಯಿ ತಾನಾಗಿ ತೆರೆಯಿತು. “ನೂರಾ ನಾಕು. ಮತ್ತ ಹೇಳ್ರಿ.”

ಅವ್ವ ಅವರಿಗೆ ಫೋನ್ ಮಾಡಿ ಹೇಳಿಕೊಟ್ಟಿದ್ದಳೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಂಕು ಪೂರಾ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಔಷಧಿ ನುಂಗುತ್ತೇನೆ, ಮಸ್ಕಿಯ ಬಸ್ಸಿನಲ್ಲಿ ಬಿಸಿಲಿನ ಬದಿಗೆ ಕೂರುತ್ತೇನೆ. ಆ ಬದಿಯ ಸೀಟಿಗೆ ಯಾರೂ ಜಗಳಕ್ಕೆ ಬರುವುದಿಲ್ಲ. ಕೆಲಸ ಬಿಡುವ ಮಾತು ಈಗ ಎತ್ತುವುದಿಲ್ಲ. ಯಜಮಾನರು ಮಾತ್ರ ದಿನಾ ಮುಂಜಾನೆ ಮಾಳಿಗೆಯ ಮೇಲೆ ಎಂಟಕ್ಕೆ ಮುಗ್ಗರಿಸುತ್ತಾರೆ. ಶಿವರಾತ್ರಿಯವರೆಗೆ ಅವರಿಗೆ ಆ ಮಗ್ಗಿ ಬರುವ ಹಾಗೆ ಕಾಣುವುದಿಲ್ಲ.