ಕೈಬಿಟ್ಟ ಎರಡು ಪುಟ

ಬೆಳಿಗ್ಗೆ ಆರಕ್ಕೆ ಪಾತೇಲಿಯಲ್ಲಿ ಮೈದಾಹಿಟ್ಟಿನ ಅಂಟು ಕಾಯಿಸಿದೆ. ಹುಳು ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಗಂಟಾಗದಂತೆ ಕದಡಿ, ಆರಲು ಇಟ್ಟೆ. ಆ ವಾಸನೆ ಎದ್ದದ್ದೇ ತಡ, ಟಿಳಕವಾಡಿಯ ಈ ಪಡಸಾಲೆ ನಾನು ಮೂವತ್ತೆಂಟು ವರ್ಷ ದುಡಿದ ಛಾಪಖಾನೆಯಾಗಿಬಿಟ್ಟಿತು. "ಆ ಪಾತೇಲಿ ಮತ್ತ ಅಡಿಗಿಮನಿಗೆ ತಂದೀರಿ, ನೋಡ್ರಿ!" ಎಂದು ಹೆಂಡತಿ ಒಳಗಿನಿಂದಲೇ ಎಚ್ಚರಿಸಿದಳು.

ಎದುರಿನ ಮೇಜಿನ ಮೇಲೆ ಎಂಬತ್ತು ಪುಸ್ತಕಗಳಿವೆ. ಒಂದೊಂದರಲ್ಲೂ ಒಂದು ಹಾಳೆ ಅಂಟಿಸಬೇಕು. ಹತ್ತು ಗಂಟೆಗೆ ಜ್ಯೋತ್ಸ್ನಾ ಬಂದು ನೋಡುತ್ತಾಳೆ. ಮೊದಲ ಹಾಳೆಯನ್ನೇ ಎರಡು ಸಲ ಕಿತ್ತು ಮತ್ತೆ ಅಂಟಿಸಿದೆ. ವಯಸ್ಸಿನಿಂದ ಎಂದು ನಿಮಗೆ ಹೇಳಬಹುದಿತ್ತು, ಆದರೆ ಈ ಪುಸ್ತಕದ ವಿಷಯದಲ್ಲಿ ಒಂದು ಸುಳ್ಳು ಹೇಳಿದ್ದು ಸಾಕಾಗಿದೆ.

ನಾನು ಶಿಸ್ತಿನ ಮನುಷ್ಯ. ನಡಿಗೆಗೆ, ಚಹಾಕ್ಕೆ, ಕನ್ನಡಕ ಒರೆಸುವುದಕ್ಕೆ ಕೂಡ ನನ್ನಲ್ಲಿ ಹೊತ್ತು ಗೊತ್ತು ಇದೆ. ಕಾಕತಿಯ ಒಂದು ಮದುವೆಗೆ ಮುಹೂರ್ತಕ್ಕಿಂತ ಎರಡು ತಾಸು ಮೊದಲೇ ಹೋಗಿ, ಪೆಂಡಾಲಿನವರಿಗೆ ಹಗ್ಗ ಹೇಗೆ ಕಟ್ಟಬೇಕೆಂದು ಹೇಳಿಕೊಟ್ಟು, ಅವರಿಂದ ಬೈಸಿಕೊಂಡು ಬಂದವನು. ಇಂಥವನ ಕೈಗೆ ತಂಗಿಯ ಮಗಳು ನೀಲಾ ತನ್ನ ಪುಸ್ತಕ ಕೊಟ್ಟದ್ದೇ ತಪ್ಪಾಯಿತೇನೋ.

ಅದು ಕಥೆಯ ಪುಸ್ತಕವಲ್ಲ, ಆಟದ ಪುಸ್ತಕ. ನಾಲ್ಕಾರು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ದಾಳ ಹಾಕಿ, ಮಾತಾಡಿ, ಕಥೆಯ ಒಳಗೇ ಬದುಕುತ್ತಾರೆ. ನೀಲಾ ಕಟ್ಟಿದ ಆಟದಲ್ಲಿ ಎಲ್ಲರೂ ಎತ್ತುಗಳ ಮೇಲೆ ಹೇರು ಹೇರಿಕೊಂಡು ಖಾನಾಪುರದ ಕಾಡು ದಾಟಿ, ಘಟ್ಟ ಇಳಿದು ಉಪ್ಪು ತರಲು ಹೋಗುವವರು. ನಿಯಮಗಳನ್ನು ನೀಲಾ ಬರೆದಳು. ಅವಳ ಪಕ್ಕದ ಮನೆಯ ಗೆಳತಿ ಜ್ಯೋತ್ಸ್ನಾ ಕಂಪ್ಯೂಟರಿನಲ್ಲಿ ಪುಟ ಜೋಡಿಸಿ, ಚಿತ್ರ ಬರೆದಳು. ಪ್ರಕಾಶಕರೂ ಅವರಿಬ್ಬರೇ. ಖಾನಾಪುರದ ನೀಲಾಳ ಮನೆಯ ಮಾಳಿಗೆಯೇ ಅವರ ಕಚೇರಿ.

ಅಚ್ಚಿನ ಮೇಲ್ವಿಚಾರಣೆಗೆ ನಾನು ನಿಂತೆ. ನೋಡಿದರೆ ಅರವತ್ತಾರು ಪುಟ! ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟಕ್ಕೊಂದು ಫಾರ್ಮು, ನಾಲ್ಕು ಫಾರ್ಮಿಗೆ ಅರವತ್ತನಾಲ್ಕು. ಎರಡು ಪುಟ ಹೊರಗೆ ಉಳಿಯುತ್ತವೆ. ಅಂಥ ಪುಸ್ತಕವನ್ನು ನಾನು ಜನ್ಮದಲ್ಲಿ ಯಂತ್ರಕ್ಕೆ ಏರಿಸಿದವನಲ್ಲ. ಹುಡುಗಿಯರಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಅರವತ್ತೊಂದು, ಅರವತ್ತೆರಡನೇ ಪುಟ ಓದಿದೆ: ಘಟ್ಟದಲ್ಲಿ ಬಿದ್ದು ಸತ್ತ ಪಾತ್ರದವರು ಮೇಜು ಬಿಟ್ಟು ಏಳಬಾರದು, ಅಂದಿನಿಂದ ಅವರೇ ಉಳಿದವರಿಗೆ ಹಾದಿ ತೋರಬೇಕು ಎಂದಿತ್ತು. ನನಗೆ ನಗು ಬಂತು. ನಾವು ಹುಡುಗರಿದ್ದಾಗ ಔಟಾದವನು ಔಟು, ಗೆರೆಯ ಆಚೆ ಹೋಗಿ ಕೂರಬೇಕು. ಇದೆಂಥ ಮುದ್ದು ಎನ್ನಿಸಿ ಆ ಎರಡು ಪುಟ ತೆಗೆಸಿದೆ, ಮುಂದಿನ ಅಂಕಿಗಳನ್ನು ಸರಿಪಡಿಸಿದೆ. ಪುಸ್ತಕ ನಾಲ್ಕು ಫಾರ್ಮಿನಲ್ಲಿ ಇಟ್ಟಿಗೆಯ ಹಾಗೆ ನೇರವಾಗಿ ಕೂತಿತು.

ಮೊದಲ ಆಟ ಇದೇ ಓಣಿಯ ಓದುಕೋಣೆಯಲ್ಲಿ. ಸಾಂಬ್ರಾದಿಂದ ಬಂದ ಒಬ್ಬ ಶಿಕ್ಷಕಿಯ ಪಾತ್ರ ಮೊದಲ ತಾಸಿನಲ್ಲೇ ಕಣಿವೆಗೆ ಬಿತ್ತು. 'ಬಿದ್ದವರು ೬೧ನೇ ಪುಟ ನೋಡಿರಿ' ಎಂಬ ಸೂಚನೆ ಮಾತ್ರ ಪುಸ್ತಕದಲ್ಲಿ ಹಾಗೇ ಉಳಿದಿತ್ತು. ಆಕೆ ನೋಡಿದರು. ಅಲ್ಲಿ ಎತ್ತಿನ ಗಂಟೆ, ಹಗ್ಗ, ಗೋಣಿಗಳ ಪಟ್ಟಿ ಇತ್ತು.

"ಈಗ ನಾ ಏನ್ ಮಾಡ್ಲಿ? ಮನಿಗೆ ಹೋಗ್ಲೇನ?" ಎಂದು ಆಕೆ ನಕ್ಕರು. ಬೇರೆ ಯಾರೂ ನಗಲಿಲ್ಲ.

ನೀಲಾ ಜ್ಯೋತ್ಸ್ನಾಳ ಕಡೆ ತಿರುಗಿದಳು. "ಆ ಎರಡು ಪಾನಾ ಎಲ್ಲಿ?"

"ನಾ ಹಾಕಿದ್ದೆ. ಖರೇ ಹಾಕಿದ್ದೆ, ನೀಲಾ."

"ಹಾಕಿದ್ರ ಎಲ್ಲಿ ಹೋದ್ವು? ಯಾವ ಫೈಲ್ ಕಳಿಸಿದಿ?"

"ಮೂರ್ ಸಲ ಕಳಿಸೀನಿ. ಕಡೀದು..." ಎಂದವಳು ಅರ್ಧಕ್ಕೇ ನಿಂತಳು. ತನ್ನ ಕೆಲಸದ ಮೇಲೆ ತನಗೇ ಸಂಶಯ ಬಂದದ್ದನ್ನು ಅವಳ ಮುಖದಲ್ಲಿ ಕಂಡೆ.

ನೀಲಾ ನನ್ನನ್ನು ಕೇಳಿದಳು: "ಮಾಮಾ, ನೀವು ಪ್ರೆಸ್ಸಿನಾಗ ನಿಂತಿದ್ರಿ. ಹೆಂಗ ಬಂದಿತ್ತು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೊತ್ತಲ್ಲದ ಹೊತ್ತಿನಲ್ಲಿ ಕನ್ನಡಕ ತೆಗೆದು ಒರೆಸಿದೆ. "ಬಂದಂಗ ಅಚ್ಚಾಗೇತಿ," ಎಂದೆ.

ಎರಡೇ ಶಬ್ದ. ಜ್ಯೋತ್ಸ್ನಾ ತನ್ನ ಚೀಲ ಎತ್ತಿಕೊಂಡು ಹೋದವಳು ಆ ಮಾಳಿಗೆಯನ್ನು ಮತ್ತೆ ಹತ್ತಲಿಲ್ಲ. ಎರಡು ಮನೆಗಳ ನಡುವೆ ಒಂದೇ ಗೋಡೆ. ಎರಡು ವರ್ಷ ಇಬ್ಬರೂ ಮಾತಾಡಲಿಲ್ಲ.

ಹೋದ ತಿಂಗಳು ನೀಲಾ ಟ್ಯಾಬ್ ಹಿಡಿದುಕೊಂಡು ಬಂದಳು. ಆಟದ ಹೊಸ ಆವೃತ್ತಿ ಸಿದ್ಧವಾಗಿತ್ತು. "ಈ ಸಲ ಕಾಗದಾನೂ ಇಲ್ಲ, ಪ್ರೆಸ್ಸೂ ಇಲ್ಲ, ಮಾಮಾ. ಬರೇ ಫೋನಿನಾಗ ಓದೂದು. ಆ ಎರಡೂ ಪಾನಾ ಸೇರಿಸೀನಿ. ಹಳೇ ತಪ್ಪು ಇನ್ನ ಯಾರಿಗೂ ಗೊತ್ತಾಗೂದಿಲ್ಲ."

ನನಗೆ ಹಗುರಾಗಬೇಕಿತ್ತು. ಕಾಗದದ ಮೇಲಿನ ತಪ್ಪು ಊರೆಲ್ಲ ಕಾಣುತ್ತ ಉಳಿಯುತ್ತದೆ. ಗಾಜಿನ ಮೇಲಿನದು ಬೆರಳು ತಾಗಿಸಿದರೆ ಗುರುತೂ ಇಲ್ಲದೆ ಹೋಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ನಾನು ಪಾರು. ಆದರೆ ಹಳೆಯ ಅಭ್ಯಾಸ, ಮೊದಲ ಪುಟದಿಂದ ಕ್ರಮವಾಗಿ ಓದತೊಡಗಿದೆ. ಮೊದಲ ಪುಟದಲ್ಲಿ ಹಿಂದೆ ಎರಡು ಹೆಸರುಗಳಿದ್ದವು. ಈಗ ನೀಲಾಳದೊಂದೇ ಇತ್ತು.

"ಆ ಪುಟ ತಗದಾಂವ ನಾ," ಎಂದೆ.

ನೀಲಾಳ ಮುಂದಿನ ಚಹಾ ಕೆನೆಗಟ್ಟಿತು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡಳು. "ನನಗ್ಯಾಕ ಹೇಳ್ತೀರಿ? ಏಳ್ರಿ, ಖಾನಾಪುರಕ್ಕ ಹೋಗೂಣು."

ಹೇಳಬೇಕಾದುದನ್ನು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲಿ ತಿದ್ದುತ್ತ ಹೋದೆ. ಜ್ಯೋತ್ಸ್ನಾ ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. ತಿದ್ದಿದ್ದೆಲ್ಲ ಮರೆತುಹೋಗಿ ಬರೀ ನಡೆದದ್ದನ್ನು ಹೇಳಿದೆ. ಅವಳು ನೀಲಾಳ ಮುಖ ನೋಡಲೇ ಇಲ್ಲ.

"ಎರಡು ವರ್ಷ ನನಗ ನಿದ್ದಿ ಬಂದಿಲ್ಲ, ಮಾಮಾ. ದಿನಾ ಅದೇ ಮೂರು ಫೈಲ್ ತಗದು ನೋಡೂದು," ಎಂದಳು. "ಹೊಸಾದ್ರಾಗ ಸರಿ ಮಾಡ್ತೀರಿ. ಹಳೇ ಪುಸ್ತಕ ಮನ್ಯಾಗ ಇದ್ದವರು? ಅವರಿಗೆ ಯಾರು ಹೇಳೂದು?"

ಇದು ನನಗೆ ಗೊತ್ತಿರುವ ಕೆಲಸ. ಮಾರದೆ ಉಳಿದ ಎಂಬತ್ತು ಪ್ರತಿಗಳನ್ನು ತರಿಸಿದೆ, ಮೊದಲೇ ಕೊಂಡವರಿಗೆ ಅಂಚೆಯಲ್ಲಿ ಹಾಳೆ ಕಳಿಸಿದೆ. ಬಿಟ್ಟುಹೋದ ಎರಡು ಪುಟ ಎಂದರೆ ಒಂದೇ ಹಾಳೆ ತಾನೇ. ಅದರ ಕೆಳಗೆ ಒಂದು ಸಾಲು ಹೆಚ್ಚಿಗೆ ಅಚ್ಚು ಮಾಡಿಸಿದೆ: 'ಈ ಪುಟಗಳನ್ನು ಯಾರನ್ನೂ ಕೇಳದೆ ತೆಗೆಸಿದವನು ನಾನು. ಪುಟ ಜೋಡಿಸಿದವರ ತಪ್ಪಿಲ್ಲ.' ಅದರಡಿ ನನ್ನ ಹೆಸರಿದೆ. ಮೂವತ್ತೆಂಟು ವರ್ಷ ಬೇರೆಯವರ ಹೆಸರು ಅಚ್ಚು ಮಾಡಿದವನ ಹೆಸರು ಅಚ್ಚಾದದ್ದು ಇದೇ ಮೊದಲು.

ಹತ್ತಕ್ಕೆ ಐದು ನಿಮಿಷವಿರುವಾಗ ಗೇಟು ಸದ್ದಾಯಿತು. ನೀಲಾ, ಜ್ಯೋತ್ಸ್ನಾ ಇಬ್ಬರೂ ಬಂದಿದ್ದರು, ನಡುವೆ ಒಂದು ಮಾರು ಅಂತರ ಬಿಟ್ಟು. ಜ್ಯೋತ್ಸ್ನಾ ಒಂದು ಪ್ರತಿ ತೆರೆದು ಅಂಟಿಸಿದ ಕಡೆ ಬೆರಳಾಡಿಸಿದಳು. ಕೆಳಗಿನ ಸಾಲು ಓದಿದಳು. ಇನ್ನೊಮ್ಮೆ ಓದಿದಳು.

"ಹಾಳಿ ವಾಕಡಾ ಕುಂತೈತಿ, ಮಾಮಾ."

ಹೌದು, ಸೊಟ್ಟಗೆ ಕೂತಿತ್ತು. ನನಗೆ ಅಲ್ಲಿ ಕೂತಿರಲಾಗಲಿಲ್ಲ. ಚಹಾಕ್ಕೆ ಹೇಳುವ ನೆಪದಲ್ಲಿ ಎದ್ದೆ.

"ಎಲ್ಲಿಗೆ ಎದ್ರಿ?" ಎಂದಳು ಜ್ಯೋತ್ಸ್ನಾ, ಕುರ್ಚಿ ಎಳೆದುಕೊಳ್ಳುತ್ತ. "ಬಿದ್ದವರು ಮೇಜು ಬಿಟ್ಟು ಏಳೂಹಂಗಿಲ್ಲ. ಅರವತ್ತೊಂದನೇ ಪಾನಾ ಓದಿಲ್ಲೇನು?"

ನೀಲಾ ಅಂಟಿನ ಪಾತೇಲಿಯನ್ನು ನಮ್ಮ ಮೂವರ ನಡುವೆ ಸರಿಸಿದಳು. ನಾನು ಕೂತೆ.