ಆನೆಮರದವರೆಗೆ

ಮೊನ್ನೆ ಈ ಪರದೇಶದ ಊರು ಜೂಟರ್‌ಮೀರ್‌ನ ನಮ್ಮ ಬೀದಿಯಲ್ಲಿ ಮಕ್ಕಳು ಆಡುವ ಜಾಗಕ್ಕೆ ಪುರಸಭೆಯವರು ಹೊಸ ಮರದ ಚಕ್ಕೆ ತಂದು ಸುರಿದಿದ್ದರು. ಮಳೆಗೆ ಎಲ್ಲ ನೆಂದಿತ್ತು. ಮಗಳನ್ನು ಜಾರುಬಂಡೆಯಿಂದ ಎತ್ತಿಕೊಳ್ಳಲು ಬಗ್ಗಿದಾಗ ಆ ವಾಸನೆ ಮೂಗಿಗೆ ಬಡಿಯಿತು... ಹಸಿ ಮರದ್ದು, ಒಂದಿಷ್ಟು ಹುಳಿ ಬೆರೆತದ್ದು. ನಾನು ಬಗ್ಗಿದವಳು ಹಾಗೇ ನಿಂತೆ. ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು.

ಮದುವೆಯಾಗಿ ಮೈಸೂರಿನಿಂದ ಬಂದ ಹೊಸತರಲ್ಲಿ ಗೋಡೆಯಾಚೆಯಿಂದ ನನಗೆ ಕೇಳಿಸಿದ ಕನ್ನಡ ಅವರದು. ಧಾರವಾಡದವರು. ಊರಿನಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದರಂತೆ. ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಕ್ಯಾಲಿಫೋರ್ನಿಯಾದ ಸಿಕೋಯ ಕಾಡಿನಲ್ಲಿ ಒಂದು ಇಡೀ ದಿನ ನಡೆಯಬೇಕೆಂಬುದು ಅಕ್ಕನ ಬಹುಕಾಲದ ಆಸೆ. ಸಾವಿರಾರು ವರ್ಷ ಬಾಳುವ ಆ ದೈತ್ಯ ಮರಗಳನ್ನು ಅವರು ಆನೆಮರ ಎನ್ನುತ್ತಿದ್ದರು. ಬೆಳಿಗ್ಗೆ ಯಾವ ದಾರಿ ಹಿಡಿಯುವುದು, ಯಾವ ತೊರೆಯ ಪಕ್ಕ ಕೂತು ಬುತ್ತಿ ಬಿಚ್ಚುವುದು, ಎಲ್ಲವನ್ನೂ ನಕಾಶೆ ನೋಡಿ ಗೊತ್ತು ಮಾಡಿಕೊಂಡಿದ್ದರು. ಆ ಬೇಸಿಗೆಗೆ ಹೊರಡಬೇಕು ಅನ್ನುವಾಗಲೇ ಕೆಮ್ಮು ಶುರುವಾಯಿತು.

ಶ್ವಾಸಕೋಶ ಕಲ್ಲಿನ ಹಾಗೆ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಡಾಕ್ಟರು ವಿಮಾನ ಹತ್ತಬೇಡಿ ಎಂದರು. ಉಳಿದದ್ದು ಒಂದೇ ದಾರಿ, ತೀರಿಕೊಂಡ ಯಾರದಾದರೂ ಶ್ವಾಸಕೋಶದ ಕಸಿ. ಹೆಸರು ಬರೆಸಿದ ಮೇಲೆ ಆಸ್ಪತ್ರೆಯ ಕರೆಗಾಗಿ ಕಾಯಬೇಕು, ಬಂದ ಗಳಿಗೆಯಲ್ಲೇ ಹೊರಡಬೇಕು. ಅಂದಿನಿಂದ ಭಾವ ಫೋನನ್ನು ಸ್ನಾನದ ಮನೆಗೂ ಒಯ್ಯತೊಡಗಿದರು.

ಅಕ್ಕ ಮಾತ್ರ ಯೋಜನೆ ಬಿಡಲಿಲ್ಲ. ಕಾರಿನಲ್ಲೇ ಹೋಗಿಬರಬಹುದಾದ ವೇಲುವೆಯ ಕಾಡಿನ ಕಡೆ, ಒಂದು ಹಳೆಯ ಎಸ್ಟೇಟಿನಲ್ಲಿ ಯಾರೋ ಶತಮಾನದ ಹಿಂದೆಯೇ ಸಿಕೋಯ ನೆಟ್ಟಿದ್ದಾರೆಂದು ಹುಡುಕಿ ತೆಗೆದರು. ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ ಇವು ಎಳೆ ಮರಗಳು, ಆದರೂ ಆನೆಮರಗಳೇ. ದಿನಾ ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿಕೊಂಡು ಹಾದಿ ಗುರುತಿಸುತ್ತಿದ್ದರು. ಮೊದಲು ಇಡೀ ಕಾಡು ಸುತ್ತುವ ಹಾದಿ. ಆಮೇಲೆ ಅದರ ಅರ್ಧ. ಆಮೇಲೆ ಆಮ್ಲಜನಕದ ಸಿಲಿಂಡರ್ ಬಂತು, ಹಾದಿ ಇನ್ನೂ ಮೊಟಕಾಯಿತು. ಕೊನೆಗೆ ಕಾರು ನಿಲ್ಲಿಸುವ ಜಾಗದಿಂದ ಮೊದಲ ಮರದವರೆಗೆ, ಅಷ್ಟೇ...

ಭಾವ ಒಪ್ಪುತ್ತಿರಲಿಲ್ಲ. ಕಾಡಿನಲ್ಲಿ ಸಿಗ್ನಲ್ ಸಿಗದಿದ್ದರೆ? ಅದೇ ಹೊತ್ತಿಗೆ ಕರೆ ಬಂದರೆ? ಕಸಿಯಾಗಲಿ, ನಿಜವಾದ ಕಾಡಿಗೇ ಹೋಗೋಣ ಎನ್ನುತ್ತಿದ್ದರು. ಅಕ್ಕ ಒಂದು ದಿನ ಊಟದ ತಟ್ಟೆ ಸರಿಸಿ ಹೇಳಿದರು.

"ನೀವು ಫೋನ್ ಕಾಯ್ರಿ. ನಾ ಇಕಿ ಜೋಡಿ ಹೋಗಿ ಬರ್ತೀನಿ. ನನಗ ಮುಂದಿನ ಬ್ಯಾಸಗಿ ಇಲ್ರಿ."

ಭಾವ ಎದ್ದುಹೋದರು. ಆ ಶನಿವಾರ ಅವರೇ ಕಾರು ತೆಗೆದರು.

ಕಾಡಿನಲ್ಲಿ ಜನವಿರಲಿಲ್ಲ, ಹಸಿ ಮರದ ಹುಳಿ ವಾಸನೆ ಮಾತ್ರ. ಸಿಲಿಂಡರಿನ ಗಾಲಿಗಳು ಬೇರುಗಳಿಗೆ ಸಿಕ್ಕಿಕೊಳ್ಳುತ್ತಿದ್ದವು. ನಾನು ಅದನ್ನು ಎತ್ತಿಕೊಂಡೆ. ನಾಲ್ಕು ಹೆಜ್ಜೆಗೊಮ್ಮೆ ಅಕ್ಕ ನಿಂತು ಮೀನಿನಂತೆ ಬಾಯಿ ತೆರೆಯುತ್ತಿದ್ದರು. ಮರ ಕಾಣಿಸಿತು. ಕೆಂಗಂದು ಕಾಂಡ, ತುದಿ ಮೋಡದಲ್ಲಿ. ಇನ್ನೇನು ತಲುಪಬೇಕು, ಭಾವನ ಫೋನ್ ಹೊಡೆದುಕೊಂಡಿತು.

ಮೂವರೂ ಅಲ್ಲೇ ನಿಂತೆವು. ಯಾವುದೋ ಅಪರಿಚಿತ ನಂಬರ್. ಭಾವ ಹಲೋ ಹಲೋ ಎನ್ನುವಷ್ಟರಲ್ಲಿ ದನಿ ಕಡಿಯಿತು. ಅವರು ಫೋನನ್ನು ಮೇಲೆತ್ತಿ ಹಿಡಿದು ರಸ್ತೆಯತ್ತ ಓಡಿದರು. ಅಕ್ಕ ನನ್ನ ಕೈ ಹಿಡಿದದ್ದು... ಉಗುರು ನಾಟುವಷ್ಟು ಬಿಗಿ. ಅವರ ಕಣ್ಣಿನಲ್ಲಿ ಅಂಥ ಆಸೆಯನ್ನು ನಾನು ಮೊದಲು ಕಂಡಿರಲಿಲ್ಲ.

ದೂರದಿಂದ ಭಾವನ ಕೂಗು ಕೇಳಿಸಿತು. ಪಾರ್ಸೆಲ್ ಹುಡುಗನಂತೆ, ಮನೆಯಲ್ಲಿ ಯಾರೂ ಇಲ್ಲವಲ್ಲ, ಎಲ್ಲಿ ಇಡಲಿ ಎಂದು ಕೇಳುತ್ತಿದ್ದನಂತೆ.

ಅಕ್ಕ ನನ್ನ ಕೈ ಬಿಟ್ಟರು. ಮರದ ಬಳಿ ಹೋಗಿ ಮುಷ್ಟಿಯಿಂದ ಗುದ್ದಿದರು. ಸಿಕೋಯದ ತೊಗಟೆ ಮೆತ್ತಗೆ, ನಾರಿನ ಹಾಗೆ. ಎಷ್ಟು ಗುದ್ದಿದರೂ ಕೈಗೆ ಪೆಟ್ಟಾಗುವುದಿಲ್ಲ, ಸದ್ದೂ ಬರುವುದಿಲ್ಲ. ಗುದ್ದುತ್ತಲೇ ಇದ್ದರು.

"ಇದಕ್ಕ ಸಾವಿರ ವರ್ಷ ಆಯುಷ್ಯ," ಎಂದರು, ಏದುಸಿರಿನ ನಡುವೆ. "ನನಗ ಹತ್ತು ಕೊಟ್ಟಿದ್ರ ಯಾರ ಗಂಟು ಹೋಗ್ತಿತ್ತು?"

ನಾನು ಅವರನ್ನು ಹಿಂದಿನಿಂದ ತಬ್ಬಿ ಹಿಡಿದೆ. ಸ್ವಲ್ಪ ಹೊತ್ತಿಗೆ ಸೋತು, ತೊಗಟೆಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು. ಭಾವನ ಹೆಜ್ಜೆಯ ಸದ್ದು ಹತ್ತಿರವಾದಾಗ ಮುಖ ಒರೆಸಿಕೊಂಡು, "ಅವರಿಗೆ ಹೇಳಬ್ಯಾಡ" ಎಂದರು.

ಆಸ್ಪತ್ರೆಯ ಕರೆ ಬರಲೇ ಇಲ್ಲ. ಚಳಿ ಶುರುವಾಗುವ ಮೊದಲೇ ಅಕ್ಕ ಹೋದರು. ಭಾವ ಮನೆ ಖಾಲಿ ಮಾಡಿ ಕಾಪೆಲ್ಲೆ ಎಂಬ ಬೇರೆ ಊರಿಗೆ ಹೋದರು. ಯುಗಾದಿಗೊಂದು ಫೋನು, ದೀಪಾವಳಿಗೊಂದು ಫೋನು, ಅಷ್ಟರಲ್ಲೇ ನಮ್ಮ ಸಂಬಂಧ ಉಳಿದಿತ್ತು.

ಮೊನ್ನೆ ಮನೆಗೆ ಬಂದವಳೇ ಅವರಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿದೆವು. ಇಡುವ ಹೊತ್ತಿಗೆ ಭಾವ ತಡೆದು ಕೇಳಿದರು.

"ಅವತ್ತ ನಾ ಫೋನ್ ಹಿಡಕೊಂಡು ಓಡಿಬಿಟ್ಟೆ. ಮರದ ಹತ್ರ ಆಕಿ ಹೆಂಗ ಇದ್ಲು? ನೀ ನೋಡಿದಿ. ನಾ ನೋಡಲಿಲ್ಲ."

ಇಷ್ಟು ವರ್ಷ ಅವರು ಇದನ್ನು ಕೇಳಿರಲಿಲ್ಲ.

"ಮರಕ್ಕೆ ಕೆನ್ನೆ ಇಟ್ಕೊಂಡು ಕಣ್ಣು ಮುಚ್ಚಿ ನಿಂತಿದ್ರು ಭಾವ" ಎಂದೆ.

ಭಾವ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡರು. ಹೇಳಿದ್ದು ಸುಳ್ಳಲ್ಲ. ಉಳಿದದ್ದನ್ನು, ಆ ಗುದ್ದುಗಳನ್ನು, ಈಗಲಾದರೂ ಹೇಳಲೇ ಎಂದು ಕೇಳೋಣವೆಂದರೆ ಅಕ್ಕ ಇಲ್ಲ.