ಜೋಮಾರನಿಗೆ ತಾಯಿ ಇದ್ದಾಳೆ

ಮಂಗಳೂರಿನ ದೇರೆಬೈಲಿನ ಕ್ರಿಸ್ಟಿನ್‌ಗೆ ಬೇಸಿಗೆಯೆಂದರೆ ವಿಶ್ರಾಂತಿಯಲ್ಲ. ಉಳಿದವರು ಮಾವಿನ ಮಿಡಿ ಉಪ್ಪಿಗೆ ಹಾಕಿ ಫ್ಯಾನಿನ ಕೆಳಗೆ ಕಾಲು ಚಾಚುವ ಹೊತ್ತಿಗೆ ಅವಳು ಫಿಲಿಪ್ಪೀನ್ಸಿನ ಒಂದು ಸಣ್ಣ ದ್ವೀಪದಲ್ಲಿ ಟಾರ್ಪಾಲಿನ ಹಗ್ಗ ಬಿಗಿಯುತ್ತಿರುತ್ತಾಳೆ. ವಯಸ್ಸು ಐವತ್ತರ ಆಚೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಪುರುಸೊತ್ತು ಆಗಲಿಲ್ಲ" ಎನ್ನುತ್ತಾಳೆ. ಕುವೈತಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು, 'ಮಾಯಿ' ಎಂದು ಕರೆಯುತ್ತಿದ್ದ ತಾಯಿಯ ಕೊನೆಗಾಲಕ್ಕೆಂದು ಊರಿಗೆ ಬಂದು ಅಣ್ಣನ ಮನೆಯಲ್ಲೇ ಉಳಿದಳು. ಅಣ್ಣ ವಿಲ್ಲಿ ನಾಲ್ಕಾರು ಕುಟುಂಬಗಳ ಜೊತೆ ಸೇರಿ ಕಟ್ಟಿದ 'ಬೆಳಕಿನ ದೋಣಿ' ಎಂಬ ಮಿಷನ್ ಸಂಘ ಅವಳ ವಿಮಾನದ ಟಿಕೆಟ್ ಮಾಡಿಸುತ್ತಿತ್ತು. ಅವಳು ಹೋಗಿ ಆ ದ್ವೀಪದ ಮಕ್ಕಳ ಶಿಬಿರ, ಯುವಜನರ ಶಿಬಿರಗಳಲ್ಲಿ ದುಡಿದು ಬರುತ್ತಿದ್ದಳು.

"ಫಾರಿನ್ ಅಂತ ಹೆಸರು ಮಾತ್ರ. ಫೋಟೋದಲ್ಲಿ ನೋಡಿದರೆ ಅಲ್ಲಿಯೂ ತೆಂಗಿನ ಮರ, ಒಣಮೀನು!" ಎಂದು ಪಕ್ಕದ ಮನೆಯ ರಿಕ್ಷಾದ ಲೋಕಯ್ಯ ಕಾಲೆಳೆಯುತ್ತಿದ್ದ. "ಅದಕ್ಕೆ ಉಳ್ಳಾಲವೇ ಸಾಕಿತ್ತಲ್ಲ ಬಾಯಮ್ಮ? ನಾನೇ ಬಿಡ್ತಿದ್ದೆ."

"ನಿನ್ನ ರಿಕ್ಷಾದಲ್ಲಿ ಹೊರಟರೆ ಉಳ್ಳಾಲ ಮುಟ್ಟುವಾಗ ಮಳೆಗಾಲ ಆಗ್ತದೆ ಮಾರಾಯ."

ಈ ವರ್ಷ ನಾಲ್ಕು ಶಿಬಿರಗಳು, ಒಂದರ ಬಾಲಕ್ಕೆ ಇನ್ನೊಂದು. ಮಕ್ಕಳು ನೋಹನ ನಾವೆಯ ನಾಟಕ ಆಡಿದರು. ಮೀನುಗಾರರ ನಿಜವಾದ ದೋಣಿಯೇ ನಾವೆ. ಪ್ರಳಯ ಇಳಿದು ಪಾರಿವಾಳ ವಾಪಸ್ಸು ಬಂದ ಮೇಲೂ ಆನೆ, ಹುಲಿ, ಮಂಗಗಳು ದೋಣಿಯಿಂದ ಇಳಿಯಲು ಒಪ್ಪಲಿಲ್ಲ. ಯುವಜನರ ಶಿಬಿರದಲ್ಲಿ ಒಬ್ಬಳು ಮುಖಕ್ಕೆ ಹೊಡೆದಂತೆ ಕೇಳಿದಳು, ದೇವರಿದ್ದರೆ ಚಂಡಮಾರುತ ನಮ್ಮ ಮನೆಯನ್ನೇ ಯಾಕೆ ಒಯ್ದಿತು ಎಂದು. ಕ್ರಿಸ್ಟಿನ್ ಅವಳನ್ನು ಅಡುಗೆಯ ಕಡೆ ಕರೆದಳು. ಇಬ್ಬರೂ ಕೂತು ಅನ್ನದ ದೊಡ್ಡ ಪಾತ್ರೆ ತಿಕ್ಕಿದರು. ಹುಡುಗಿ ತಿಕ್ಕುತ್ತ ತಿಕ್ಕುತ್ತ ತನ್ನ ಮನೆಯ ಕಥೆಯನ್ನೆಲ್ಲ ಹೇಳಿದಳು. ಲೋಳೆಮೀನು ಕುಟುಕಿದ ಕಾಲಿಗೆ ವಿನೆಗರ್ ಸುರಿಯುವುದು, ಪ್ರೇಮದಲ್ಲಿ ಬಿದ್ದವರನ್ನು ಬೇರೆ ಬೇರೆ ಗುಂಪಿಗೆ ಹಾಕುವುದು, ಅವರು ಅಲ್ಲಿಂದಲೇ ಒಬ್ಬರನ್ನೊಬ್ಬರು ನೋಡುವಾಗ ಕಂಡೂ ಕಾಣದಂತೆ ಇರುವುದು, ಎಲ್ಲವೂ ಅವಳ ಪಾಲಿನ ಸೇವೆಯೇ.

ಕೊನೆಯ ಶಿಬಿರದಲ್ಲಿ ಜೋಮಾರ್ ಇದ್ದ. ಹತ್ತು ವರ್ಷದ ಹುಡುಗ. ಅವನ ತಾಯಿ ಮಾರಿಟೆಸ್ ಕುವೈತಿನಲ್ಲಿ ಕ್ರಿಸ್ಟಿನ್‌ಳ ವಾರ್ಡಿನಲ್ಲೇ ನರ್ಸ್ ಆಗಿದ್ದವಳು; ಈಗಲೂ ಅಲ್ಲೇ ಇದ್ದಾಳೆ. ಕ್ರಿಸ್ಟಿನ್‌ಗೆ ಆ ದ್ವೀಪದ ದಾರಿ ತೋರಿಸಿದವಳೇ ಅವಳು. ಹುಡುಗ ಅಜ್ಜಿಯ ಬಳಿ ಬೆಳೆಯುತ್ತಿದ್ದ.

ಕ್ರಿಸ್ಟಿನ್ ಆ ಮಕ್ಕಳಿಗೆ ಲಗೋರಿ ಕಲಿಸಿದ್ದಳು. ಜೋಮಾರ್ ಅದರಲ್ಲಿ ಹುಲಿ. ಅಂದು ಚದುರಿದ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಏರಿಸಿ, ಕೊನೆಯದನ್ನು ಇಡಬೇಕೆನ್ನುವಾಗ ಚೆಂಡು ಬಂದು ಬೆನ್ನಿಗೆ ತಾಗಿತು. ಬೆನ್ನಿಗಲ್ಲ, ಬರೀ ಅಂಗಿಗೆ ಎಂದು ಅವನ ವಾದ. ಕ್ರಿಸ್ಟಿನ್ ಔಟ್ ಕೊಟ್ಟಳು. ಅವನು ಮರಳಿನಲ್ಲಿ ಮಂಡಿಯೂರಿ, ಕೆನ್ನೆ ತುಂಬ ಮಣ್ಣು ಮೆತ್ತಿಕೊಂಡು ಅತ್ತ. ಯಾರೋ ಫೋಟೋ ತೆಗೆದರು. ಹತ್ತು ನಿಮಿಷದಲ್ಲಿ ಅವನು ಮತ್ತೆ ಆಟಕ್ಕಿಳಿದಿದ್ದ.

ಮಳೆ ಹಿಡಿದ ಮೇಲೆ ಊರಿಗೆ ಮರಳಿದ ಕ್ರಿಸ್ಟಿನ್ ಆ ಫೋಟೋವನ್ನು ಮನೆಯವರಿಗೂ ಲೋಕಯ್ಯನಿಗೂ ತೋರಿಸಿ ನಗಾಡಿದ್ದಳು. ವಿಲ್ಲಿ ನಗಲಿಲ್ಲ. "ಒಳ್ಳೆ ಫೋಟೋ. ನನಗೆ ಕಳಿಸು" ಎಂದ. ಅವಳು ಹೆಚ್ಚು ಯೋಚಿಸದೆ ಕಳಿಸಿದಳು.

ಜುಲೈಯಲ್ಲಿ ಸಂಘದ ವಾರ್ಷಿಕ ಸಭೆ. ಹಿಂದಿನ ದಿನ ಲೋಕಯ್ಯ ರಿಕ್ಷಾ ನಿಲ್ಲಿಸಿ ಹೇಳಿದ: "ಬಾಯಮ್ಮ, ಸಭಾಭವನದ ಗೇಟಿಗೆ ನಿಮ್ಮ ಹುಡುಗನ ಫ್ಲೆಕ್ಸ್ ಹಾಕಿದ್ದಾರೆ. ಪಾಪ, ಅವನಿಗೆ ಅಪ್ಪ ಅಮ್ಮ ಯಾರೂ ಇಲ್ಲವಂತಲ್ಲ?"

ಕ್ರಿಸ್ಟಿನ್ ಅದೇ ರಿಕ್ಷಾದಲ್ಲಿ ಹೋಗಿ ನೋಡಿದಳು. ಗೇಟಿನಷ್ಟೇ ಅಗಲಕ್ಕೆ ಜೋಮಾರನ ಮುಖ. ಕೆಳಗೆ ಕೆಂಪು ಅಕ್ಷರ: 'ಈ ಅನಾಥನ ಕಣ್ಣೀರು ಒರೆಸುವಿರಾ?' ಮಳೆ ಅವನ ಕೆನ್ನೆಯ ಮೇಲೆ ಹರಿಯುತ್ತಿತ್ತು. ಒಂದು ಕಣ್ಣೀರಿಗೆ ನೂರು ಕಣ್ಣೀರು.

ಮನೆ ಮುಟ್ಟುವ ಮೊದಲೇ ಕುವೈತಿನಿಂದ ಮಾರಿಟೆಸ್‌ಳ ಧ್ವನಿ ಸಂದೇಶ ಬಂತು. ಸಂಘದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ ಫ್ಲೆಕ್ಸಿನ ಚಿತ್ರ ಅಲ್ಲಿನ ಮಂಗಳೂರಿನ ನರ್ಸುಗಳ ಫೋನಿಗೂ ತಲುಪಿತ್ತು. ಮಗನ ಮುಖ ಕಂಡು, ಕೆಳಗೆ ಎಂತ ಬರೆದಿದೆ ಎಂದು ಮಾರಿಟೆಸ್ ಅವರಲ್ಲೊಬ್ಬಳಿಂದ ಓದಿಸಿದ್ದಳು. ಬೈಗುಳವಿಲ್ಲ, ಅಳುವಿಲ್ಲ. "ಕ್ರಿಸ್, ನಾನು ಸತ್ತಿದ್ದೇನಾ?" ಎಂದು ಕೇಳಿದ್ದಳು. "ಅದನ್ನು ಇಳಿಸು. ನನ್ನ ಮಗ ನೋಡುವ ಮೊದಲು ಇಳಿಸು."

ವಿಲ್ಲಿ ಊಟದ ಮೇಜಿನಲ್ಲಿದ್ದ. ಹೆಂಡತಿ ಎಲೇನ್ ಬಡಿಸುತ್ತಿದ್ದಳು.

"ಆ ಫ್ಲೆಕ್ಸ್ ಇಳಿಸು."

"ಎಂತದಕ್ಕೆ? ಚಂದ ಉಂಟಲ್ಲ."

"ಆ ಹುಡುಗ ಅನಾಥ ಅಲ್ಲ."

"ತಾಯಿ ಸಮುದ್ರದ ಆಚೆ ಇದ್ದರೆ ಅನಾಥನ ಹಾಗೆಯೇ ಅಲ್ವಾ ಮಾರಾಯ್ತಿ? ಸ್ವಲ್ಪ ಉಪ್ಪು ಖಾರ ಹಾಕದೆ ಯಾರು ಕೊಡ್ತಾರೆ? ನಿನ್ನ ಶಿಬಿರಕ್ಕೇ ಅಲ್ವಾ ಕೇಳುವುದು?"

ಕ್ರಿಸ್ಟಿನ್ ಕುರ್ಚಿಯ ಬೆನ್ನು ಹಿಡಿದು ನಿಂತಳು. "ನಮ್ಮ ಅಪ್ಪ ಬಹರೈನಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ನೀನು ಗೋಲಿಯಲ್ಲಿ ಸೋತು ಗೇಟಿನ ಹತ್ತಿರ ಬೊಬ್ಬೆ ಹಾಕುವಾಗ ಯಾರಾದರೂ ಫೋಟೋ ತೆಗೆದು 'ಅನಾಥ' ಅಂತ ಬೀದಿಗೆ ಕಟ್ಟಿದ್ದರೆ, ಮಾಯಿ ಅವನನ್ನು ಎಂತ ಮಾಡ್ತಿದ್ದಳು?"

ಎಲೇನ್ ಕೈಯ ಸೌಟು ನಿಂತಿತು. ವಿಲ್ಲಿ ತಟ್ಟೆ ಸರಿಸಿದ. ಪ್ರಾಯ ಅರವತ್ತು ದಾಟಿದರೂ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಅವನ ಕಿವಿ.

"ನೋಡು ಕ್ರಿಸ್ಟಿನ್. ನಾಳೆ ಮೈಕಿನ ಮುಂದೆ ಎರಡು ಒಳ್ಳೆ ಮಾತು ಹೇಳಿ ಕೂತುಕೋ. ಹೆಚ್ಚುಕಮ್ಮಿ ಮಾತಾಡಿದರೆ ಮುಂದಿನ ಬೇಸಿಗೆ ನೀನು ಇಲ್ಲೇ. ಟಿಕೆಟ್ ಮಾಡಿಸುವುದು ಸಂಘ. ನೆನಪಿರಲಿ."

ನೆನಪಿತ್ತು. ಅವಳಿಗೆ ಆ ದ್ವೀಪಕ್ಕಿಂತ ಹೆಚ್ಚಿನದು ಬದುಕಿನಲ್ಲಿ ಏನೂ ಇರಲಿಲ್ಲ. ಅಲ್ಲಿ ಮಕ್ಕಳು ದೋಣಿಯ ಕಟ್ಟೆಗೆ ಓಡಿ ಬಂದು ಅವಳ ಚೀಲಕ್ಕೆ ಜಗಳಾಡುತ್ತಾರೆ. ಇಲ್ಲಿ ಅವಳು ವಿಲ್ಲಿಯ ತಂಗಿ. ಅಲ್ಲಿ ಅವಳು ಬರುವುದಕ್ಕೇ ಬೇಸಿಗೆ ಕಾದಿರುತ್ತದೆ.

ಮರುದಿನ ಸಭಾಭವನ ತುಂಬಿತ್ತು. ಒದ್ದೆ ಕೊಡೆಗಳ ವಾಸನೆ. ವಿಲ್ಲಿ ಸ್ವಾಗತಿಸಿ, ತಂಗಿಯ ಸೇವೆಯನ್ನು ಹೊಗಳಿ, ಅನಾಥ ಬಾಲಕನೆಂದು ಎರಡು ಸಲ ಹೇಳಿ ಕೂತ. ಮುಂದಿನ ಸಾಲಿನ ಹೆಂಗಸರು ಆಗಲೇ ಕರವಸ್ತ್ರ ಹಿಡಿದಿದ್ದರು.

ಕ್ರಿಸ್ಟಿನ್ ಮೈಕ್ ಹಿಡಿದಳು. "ಗೇಟಿನಲ್ಲಿ ನೀವು ನೋಡಿದ ಹುಡುಗನ ಹೆಸರು ಜೋಮಾರ್. ಅವನಿಗೆ ತಾಯಿ ಇದ್ದಾಳೆ. ಕುವೈತಿನಲ್ಲಿ ನರ್ಸ್. ಅವನು ಅತ್ತದ್ದು ಹಸಿವಿಗಲ್ಲ, ಲಗೋರಿಯಲ್ಲಿ ನಾನು ಔಟ್ ಕೊಟ್ಟದ್ದಕ್ಕೆ."

ಯಾರೋ ಕಿಸಕ್ಕನೆ ನಕ್ಕರು.

"ಇಲ್ಲಿ ಕೂತವರಲ್ಲಿ ಗಲ್ಫಿನ ಹಣದಲ್ಲಿ ಶಾಲೆಗೆ ಹೋಗದವರು ಎಷ್ಟು ಜನ ಇದ್ದೀರಿ? ನಿಮ್ಮನ್ನು ಅನಾಥರು ಅಂತ ಯಾರಾದರೂ ಕರೆದಿದ್ದಾರಾ? ಆ ಶಿಬಿರಕ್ಕೆ ಅಕ್ಕಿ ಬೇಕು, ಔಷಧಿ ಬೇಕು, ನಾನು ಕೇಳಿಯೇ ಕೇಳ್ತೇನೆ. ಮಕ್ಕಳು ಖುಷಿಯಲ್ಲಿದ್ದಾರೆ, ಇನ್ನೂ ಖುಷಿಯಾಗಿರಲಿ ಅಂತ ಕೊಡುವುದಾದರೆ ಕೊಡಿ. ಸುಳ್ಳು ಕಣ್ಣೀರಿಗೆ ಕೊಡುವುದಾದರೆ ಬೇಡ, ಮನೆಗೆ ತೆಗೆದುಕೊಂಡು ಹೋಗಿ."

ಮೈಕ್ ಮೇಜಿನ ಮೇಲಿಟ್ಟು, ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ನಡುದಾರಿಯಲ್ಲಿ ಹೊರಗೆ ನಡೆದಳು. ಗೇಟಿನ ಬಳಿ ಕುರ್ಚಿ ಇಟ್ಟು ಹತ್ತಿದಳು. ಹಗ್ಗದ ಗಂಟು ಮಳೆಗೆ ಉಬ್ಬಿ ಕಲ್ಲಾಗಿತ್ತು.

ವಿಲ್ಲಿ ಹಿಂದೆಯೇ ಓಡಿ ಬಂದ. "ಇಳಿ ಕೆಳಗೆ! ಜನ ನೋಡ್ತಾರೆ!"

"ನೋಡಲಿ. ನೋಡಲಿಕ್ಕೆಂದೇ ಅಲ್ವಾ ನೀನು ಕಟ್ಟಿದ್ದು?"

"ಮುಂದಿನ ವರ್ಷದ ಟಿಕೆಟ್ ಮರೆತುಬಿಡು ಹಾಗಾದರೆ."

"ಟಿಕೆಟ್ ಮರೆಯುತ್ತೇನೆ. ಹೋಗುವುದನ್ನು ಮರೆಯುವುದಿಲ್ಲ." ಅವಳು ಹಲ್ಲಿನಿಂದ ಗಂಟು ಎಳೆದಳು. "ಇಂಜೆಕ್ಷನ್ ಕೊಡುವ ಕೈ ಇನ್ನೂ ಉಂಟು. ಇಲ್ಲೇ ಎಲ್ಲಿಯಾದರೂ ಡ್ಯೂಟಿ ಮಾಡ್ತೇನೆ. ಬೇಸಿಗೆಗೆ ಹೋಗ್ತೇನೆ."

ಕುರ್ಚಿ ಓಲಾಡಿತು. ಯಾರೋ ಬಂದು ಅದರ ಕಾಲು ಒತ್ತಿ ಹಿಡಿದರು. ಕ್ರಿಸ್ಟಿನ್ ಬಗ್ಗಿ ನೋಡಿದರೆ ಎಲೇನ್. ಕೊಡೆಯಿಲ್ಲ, ರೇಷ್ಮೆ ಸೀರೆ ಪೂರ್ತಿ ಒದ್ದೆ.

"ಆಚೆ ಕಡೆಯದ್ದು ಮೊದಲು ಬಿಚ್ಚು," ಎಂದಳು ಎಲೇನ್, ಗಂಡನ ಕಡೆ ನೋಡದೆ. "ಅದು ಸಡಿಲ ಉಂಟು."